ಬೆಳಕವಾಡಿಯ ಮಾತಿನ ಪ್ಲೇಟು

ಸತ್ತವರ ಹಾಡು ಕೇಳುವುದಕ್ಕೆ ನಮ್ಮಲ್ಲಿ ಯಾರೂ ಹೆದರುವುದಿಲ್ಲ. ಹಾಡಿದಾಕೆ ತೀರಿಹೋಗಿ ಎಷ್ಟೋ ಕಾಲವಾಗಿರುತ್ತದೆ, ಊರಿಗೆಲ್ಲ ಗೊತ್ತಿರುತ್ತದೆ. ಆದರೂ ಸಂಜೆ ಕಾಫಿ ಲೋಟ ಹಿಡಿದು ಕಾಲು ಅಲ್ಲಾಡಿಸುತ್ತ "ಏನು ಕಂಠ, ಏನು ಕಂಠ" ಎಂದು ತಲೆದೂಗುತ್ತೇವೆ. ಅದೇ ಗ್ರಾಮಫೋನು ಪೆಟ್ಟಿಗೆಯಿಂದ ಅದೇ ಸತ್ತಾಕೆ ಹಾಡು ನಿಲ್ಲಿಸಿ "ಸ್ವಲ್ಪ ಇರಿ, ಬಂದೆ" ಅಂದರೆ ಆ ಕಾಫಿ ಲೋಟ ಎಲ್ಲಿ ಬೀಳುತ್ತದೋ ಹೇಳಲಾಗದು. ಹಾಡು ಯಾರನ್ನೂ ಉದ್ದೇಶಿಸಿದ್ದಲ್ಲ, ಗಾಳಿಗೆ ಬಿಟ್ಟದ್ದು. ಮಾತು ಹಾಗಲ್ಲ, ಅದು ಯಾರನ್ನೋ ಹುಡುಕಿಕೊಂಡು ಬರುತ್ತದೆ. ಸಂಗೀತ ಬಲ್ಲವರು ಯಾರೂ ಈ ವ್ಯತ್ಯಾಸವನ್ನು ನನಗೆ ಹೇಳಿಕೊಟ್ಟಿರಲಿಲ್ಲ. ಅದು ತಿಳಿದದ್ದು ಯುದ್ಧದ ಕಾಲದಲ್ಲಿ, ಮಂಡ್ಯದ ನಮ್ಮ ಮನೆಯಲ್ಲಿ, ಒಳ್ಳೆಯ ಬೆಳ್ಳನೆಯ ಹಗಲಿನಲ್ಲಿ.

ಆಗ ನಾನು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ತೂಕ ಬರೆಯುವ ಗುಮಾಸ್ತ. ಗಾಡಿಗಳ ಕಿರುಗುಟ್ಟುವಿಕೆ, ಗಾಡಿಯವರ ಜಗಳ, ಕಾಕಂಬಿಯ ವಾಸನೆ, ಇವುಗಳ ನಡುವೆ ದಿನವಿಡೀ ಕೂತ ಕಿವಿಗೆ ಸಂಜೆ ಒಂದಿಷ್ಟು ಸಂಗೀತ ಬೇಕು ಎಂದು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದೆ. ನಿಜಕ್ಕೂ ನನಗೆ ಸಂಗೀತ ತಿಳಿಯುವುದಿಲ್ಲ. ರಾಗ ಯಾವುದೆಂದು ಯಾರಾದರೂ ಕೇಳಿದರೆ ಪೆಟ್ಟಿಗೆಯ ಮರ ತೇಗ ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ನನಗೆ ಇಷ್ಟವಾದದ್ದು ಪೆಟ್ಟಿಗೆಗಳು. ಯುದ್ಧ ಶುರುವಾದ ಮೇಲೆ ವಿಲಾಯತಿಯಿಂದ ಹೊಸ ಯಂತ್ರಗಳು ಬರುವುದು ನಿಂತಿತ್ತು. ಹಾಡಿನ ಪ್ಲೇಟಿಗೆ ಚುಚ್ಚುವ ಉಕ್ಕಿನ ಮುಳ್ಳು ಕೂಡ ಸಿಗದೆ, ಜನ ಹೊಲದ ಬದಿಯ ಜಾಲಿಮುಳ್ಳು ಕಿತ್ತು ಸಿಕ್ಕಿಸಿ ಹಾಡು ಕೇಳುತ್ತಿದ್ದರು. ಹಾಗಾಗಿ ಹಳೆಯ ಗ್ರಾಮಫೋನುಗಳಿಗೆ ಬೆಲೆ ಬಂದಿತ್ತು. ಹಳ್ಳಿಗಳ ದೊಡ್ಡ ಮನೆಗಳಲ್ಲಿ ಮೂಲೆ ಸೇರಿದ್ದನ್ನು ಕೊಂಡು, ರಿಪೇರಿ ಮಾಡಿ, ಮಾರುವ ಚಟ ನನಗೆ ಹತ್ತಿಕೊಂಡಿತು. ರಿಪೇರಿ ಎಂದರೆ ನನ್ನ ಪಾಲಿನದು ಕೊಬ್ಬರಿ ಎಣ್ಣೆ ಹಚ್ಚಿ ಮರ ಉಜ್ಜುವುದಷ್ಟೆ. ನಮ್ಮ ಬೀದಿಯಲ್ಲಿ ನನಗೆ 'ಪ್ಲೇಟು ಗುಮಾಸ್ತ' ಎಂದು ಹೆಸರಾಗಿತ್ತು. ಅದರಲ್ಲಿ ಮರ್ಯಾದೆ ಎಷ್ಟಿತ್ತು ಎಂದು ನಾನು ವಿಚಾರಿಸಲಿಲ್ಲ.

ಒಳಗಿನ ಕೆಲಸವೆಲ್ಲ ಮದ್ದೂರಿನ ಗಫಾರ್ ಸಾಹೇಬರದು. ಪೇಟೆ ಬೀದಿಯಲ್ಲಿ ಅವರದೊಂದು ಅಂಗಡಿ. ಗಡಿಯಾರ, ಹೊಲಿಗೆ ಯಂತ್ರ, ಗ್ಯಾಸ್ ಲೈಟು, ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಅವರ ಕೈ ಎಷ್ಟು ಓಡುತ್ತಿತ್ತೋ ಬಾಯಿ ಅದಕ್ಕಿಂತ ಹೆಚ್ಚು ಓಡುತ್ತಿತ್ತು. ಕೈ ತಪ್ಪಿದ ಕಡೆ ಬಾಯಿ ಬಂದು ಕಾಪಾಡುತ್ತಿತ್ತು. ಒಮ್ಮೆ ನಾವಿಬ್ಬರೂ ಸೇರಿ ಸ್ಟೇಷನ್ನಿನ ಹತ್ತಿರದ ಹೋಟೆಲಿನವರಿಗೆ ಒಂದು ಗ್ರಾಮಫೋನು ಮಾರಿದೆವು. ಅದರ ಸ್ಪ್ರಿಂಗು ಸೋತು, ಹೆಂಗಸಿನ ದನಿಯಲ್ಲಿ ಶುರುವಾದ ಹಾಡು ಮುಗಿಯುವಾಗ ಗಂಡಸಿನ ದನಿಯಲ್ಲಿ ಮುಗಿಯುತ್ತಿತ್ತು. ಹೋಟೆಲಿನವರು ಸಿಟ್ಟಾಗಿ ಬಂದರೆ ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಒಂದೇ ಪ್ಲೇಟಲ್ಲಿ ಇಬ್ರು ಹಾಡ್ತಾವ್ರೆ ಸಾಮಿ, ಇದ್ರಲ್ಲಿ ನಿಮ್ಗೇನು ನಷ್ಟ" ಎಂದರು. ಅವರು ಗೊಣಗುತ್ತ ಹೊರಟೇಹೋದರು. ಇಂಥ ಸಾಹೇಬರು ಮಾತು ನಿಲ್ಲಿಸಿದ್ದನ್ನು ನಾನು ನೋಡಿದ್ದು ಬೆಳಕವಾಡಿಯ ಪೆಟ್ಟಿಗೆ ಬಂದ ದಿನ.

ಬೆಳಕವಾಡಿಯ ನಿಂಗೇಗೌಡರು ದೊಡ್ಡ ಹಿಡುವಳಿಯವರು. ಅವರ ಮನೆಯಲ್ಲಿ ಒಂದು ಗ್ರಾಮಫೋನಿದೆ, ಕೊಟ್ಟುಬಿಡುತ್ತಾರಂತೆ ಎಂದು ಕಬ್ಬಿನ ಗಾಡಿಯವನೊಬ್ಬ ಹೇಳಿದ್ದರಿಂದ ಒಂದು ಭಾನುವಾರ ಹೋದೆ. ಪಡಸಾಲೆಯ ಮೂಲೆಯಲ್ಲಿ, ದಪ್ಪ ಕಂಬಳಿ ಹೊದಿಸಿದ್ದ ಒಳ್ಳೆಯ ಪೆಟ್ಟಿಗೆ. ಕಂಬಳಿಯ ಮೇಲೊಂದು ಒರಳುಕಲ್ಲಿನ ಗುಂಡು ಇಟ್ಟಿದ್ದರು. ಗ್ರಾಮಫೋನು ಗಾಳಿಗೆ ಹಾರಿಹೋಗುವ ವಸ್ತುವಲ್ಲವಲ್ಲ, ಇದೇಕೆ ಎಂದು ಕೇಳಿದೆ. ಗೌಡರು ಎತ್ತಲೋ ನೋಡುತ್ತ, "ಮನೇಲಿ ಬ್ಯಾಡ ಅಂತಾರೆ, ತಗಂಡೋಗಿ" ಎಂದರಷ್ಟೆ. ಬಾಗಿಲ ಹಿಂದೆ ನಿಂತಿದ್ದ ಅವರ ಹೆಂಡತಿ ನಡುವಯಸ್ಸಿನ, ಸೊರಗಿದ ಮುಖದ ಹೆಂಗಸು. "ಸುಮ್ಕಿದ್ರೂ ಸುಮ್ಕಿರಕ್ಕಿಲ್ಲ ಕಣಪ್ಪ ಅದು. ನೀವೇನೂ ಹಾಕ್ದೆ ಇದ್ರೂ ಯಾರೋ ಇದ್ದಂಗೇ ಇರ್ತದೆ" ಎಂದಳು. ಕೊಳ್ಳುವವನಿಗೆ ಇಂಥ ಮಾತು ಹಿತ. ವ್ಯಾಪಾರ ನಾನು ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ಪೆಟ್ಟಿಗೆಯನ್ನು ಎತ್ತಿ ಅಂಗಳ ದಾಟುವಾಗ, ಅಲ್ಲಿ ಕಟ್ಟಿದ್ದ ಎಮ್ಮೆಗಳೆಲ್ಲ ಮೇವು ಬಿಟ್ಟು ತಲೆ ಎತ್ತಿ ನೋಡಿದವು. ಹೊಸಬನನ್ನು ನೋಡುತ್ತಿವೆ ಎಂದುಕೊಂಡೆ. ಬರುವಾಗಲೂ ನಾನು ಹೊಸಬನೇ ಆಗಿದ್ದೆ, ಆಗ ಒಂದೂ ತಲೆ ಎತ್ತಿರಲಿಲ್ಲ.

ಪೆಟ್ಟಿಗೆಯನ್ನು ನೇರ ಮದ್ದೂರಿಗೆ ತಂದು ಸಾಹೇಬರ ಮುಂದಿಟ್ಟೆ. ಅವರು ಮುಚ್ಚಳ ತೆಗೆದು, ಪ್ಲೇಟು ಕೂರುವ ತಟ್ಟೆಯನ್ನು ಬೆರಳಿನಿಂದ ಸವರಿ, "ಈ ಮಖಮಲ್ ಬಟ್ಟೆ ಕಾರ್ಖಾನೆಯಲ್ಲಿ ಅಂಟಿಸಿದ್ದಲ್ಲ, ಯಾರೋ ಮನೇಲಿ ಗೋಂದು ಹಚ್ಚವ್ರೆ" ಎಂದರು. ಚಾಕುವಿನ ತುದಿಯಿಂದ ಬಟ್ಟೆಯನ್ನು ಎಬ್ಬಿಸಿದರೆ, ಅದರಡಿ ಇನ್ನೊಂದು ಪ್ಲೇಟು. ಕಪ್ಪು ಅರಗಿನದಲ್ಲ, ಬಿಳಿಯ ಲೋಹದ್ದು. ಊಟದ ತಟ್ಟೆಯಷ್ಟು ತೆಳು, ಕಾಗದದ ಚೀಟಿಯಿಲ್ಲ, ಹೆಸರಿಲ್ಲ, ಮೇಲೆಲ್ಲ ಕೂದಲೆಳೆಯಂಥ ಗೀರುಗಳು. ಸಾಹೇಬರಿಗೆ ಅದು ಏನೆಂದು ಗೊತ್ತಿತ್ತು. ಯುದ್ಧಕ್ಕೆ ಎಷ್ಟೋ ವರ್ಷ ಮುಂಚೆ ಮೈಸೂರಿನ ವಸ್ತುಪ್ರದರ್ಶನದಲ್ಲಿ ಒಂದು ಮಳಿಗೆಯಲ್ಲಿ, ಯಾರು ಬೇಕಾದರೂ ಕೊಳವೆಯ ಮುಂದೆ ನಿಂತು ಮಾತಾಡಿದರೆ ಇಂಥ ಅಲ್ಯುಮಿನಿಯಂ ಪ್ಲೇಟಿಗೆ ಇಳಿಸಿ ಕೊಡುತ್ತಿದ್ದರಂತೆ. "ಯಾರೋ ಪುಣ್ಯಾತ್ಮ ತನ್ನ ಹಾಡು ತಾನೇ ಕೇಳಿ ಹೆದರಿ ಬಚ್ಚಿಟ್ಟವ್ನೆ" ಎಂದು ನಗುತ್ತ, ಮೆತ್ತನೆಯ ಲೋಹವಾದ್ದರಿಂದ ಜಾಲಿಮುಳ್ಳು ಸಿಕ್ಕಿಸಿ, ಕೀ ಕೊಟ್ಟು, ಬಿಟ್ಟರು.

ಮೊದಲು ಮೊರದಲ್ಲಿ ಅಕ್ಕಿ ಕೇರುವಂಥ ಸದ್ದು. ಅದರೊಳಗಿಂದ, ಬಲು ದೂರದಿಂದ ಎಂಬಂತೆ, ಒಬ್ಬ ಹೆಂಗಸು. "ಏನಂತ ಮಾತಾಡ್ಲಿ ಇದ್ರ ಮುಂದೆ? ನಗ್ಬ್ಯಾಡಿ ಅಂದ್ರೆ." ಆಮೇಲೆ ಒಂದು ಉಸಿರು. ಉಸಿರು ಸ್ಪಷ್ಟವಾಗಿ ಕೇಳಿಸಿತು, ಮಾತಿಗಿಂತ ಹತ್ತಿರದಲ್ಲಿ. "ಚೆನ್ನಾಜೀ, ಲೇ ಚೆನ್ನಾಜೀ. ಬಿಸ್ಲಲ್ಲಿ ನಿಂತ್ಕಬ್ಯಾಡ ಕಣವ್ವ, ಒಳಿಕ್ಕೋಗು. ಬಾಗ್ಲಾಕ್ಬ್ಯಾಡ. ನಾನು ಬತ್ತೀನಿ ಇರು." ಅಷ್ಟೇ. ಮತ್ತೆ ಅಕ್ಕಿ ಕೇರುವ ಸದ್ದು. ಇದರಲ್ಲಿ ಹೆದರುವಂಥದ್ದು ಏನಿತ್ತು ಹೇಳಿ. ಹಳ್ಳಿಯ ಯಾವ ತಾಯಿಯಾದರೂ ದಿನಕ್ಕೆ ಹತ್ತು ಸಲ ಆಡುವ ಮಾತು. ಆದರೆ ಸಾಹೇಬರು ನಗಲಿಲ್ಲ. ಎದುರಿನ ಬಟ್ಟೆ ಅಂಗಡಿಯವನು ಅಳತೆ ಕೋಲು ಹಿಡಿದುಕೊಂಡೇ ಹೊರಬಂದು ನಮ್ಮ ಕಡೆ ನೋಡಿ, "ನಮ್ಮಂಗ್ಡೀಗೆ ಬಂದೋರ್ನ ಯಾರು ಕರೆದಿದ್ದು?" ಎಂದು ಕೇಳಿದ. ಅವನ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದ ಹೆಂಗಸೊಬ್ಬಳು ಸೆರಗು ಸರಿಮಾಡಿಕೊಂಡು ಬೀದಿಗಿಳಿದು, ಯಾರನ್ನೋ ಹುಡುಕುತ್ತ ಅತ್ತಿತ್ತ ನೋಡಿ, ಹೊರಟುಹೋದಳು. ಸಾಹೇಬರು ಸುಮ್ಮನೆ ಕೂತು ಜಾಲಿಮುಳ್ಳನ್ನು ಬೆರಳ ತುದಿಯಲ್ಲಿ ತಿರುಗಿಸುತ್ತಿದ್ದರು. ಕೊನೆಗೆ, "ಇದ್ರಾಗೆ ಸ್ಪ್ರಿಂಗು ಐತೆ, ಚಕ್ರ ಐತೆ, ಬೇರೇನೂ ಇಲ್ಲ" ಎಂದರು. ನಾನು ಬೇರೇನಾದರೂ ಇದೆ ಎಂದು ಹೇಳಿಯೇ ಇರಲಿಲ್ಲ.

ಸ್ಪ್ರಿಂಗು ಸರಿಮಾಡಿಸಿಕೊಂಡು ಪೆಟ್ಟಿಗೆಯನ್ನು ಮನೆಗೆ ತಂದೆ. ಮರ ಉಜ್ಜುವುದು ಬಾಕಿಯಿತ್ತಲ್ಲ. ಹೊರಡುವಾಗ ಸಾಹೇಬರು ಎಲ್ಲಿಂದಲೋ ಸಂಪಾದಿಸಿ ಅಡಗಿಸಿಟ್ಟಿದ್ದ ಉಕ್ಕಿನ ಮುಳ್ಳಿನ ಡಬ್ಬಿಯನ್ನು ಪ್ರೀತಿಯಿಂದ ನನ್ನ ಜೇಬಿಗೆ ತುರುಕಿದರು. ನನ್ನ ಹೆಂಡತಿ ಸಾಕಮ್ಮ ಯಲಿಯೂರಿನವಳು. ಅದುವರೆಗೆ ನಾನು ತಂದ ಯಾವ ಪೆಟ್ಟಿಗೆಯನ್ನೂ ಅವಳು ಮೂಸಿ ನೋಡಿದವಳಲ್ಲ. ಅವಳಿಗೆ ಅವು ದಾರಿಗೆ ಅಡ್ಡವಾದ ಸಾಮಾನು, ಕಸ ಗುಡಿಸುವಾಗ ಸರಿಸಬೇಕಾದ ಭಾರ. ಈ ಪ್ಲೇಟಿನ ವಿಚಾರವನ್ನು ತಮಾಷೆಯೆಂದು ಹೇಳಿ, ಹಾಕಿ ಕೇಳಿಸಿದೆ. ಅವಳು ಮೊರ ಹಿಡಿದು ನಿಂತಿದ್ದವಳು ನಿಂತಲ್ಲೇ ಕೂತಳು. ಮುಗಿದ ಮೇಲೆ, "ಇನ್ನೊಂದ್ ಕಿತ ಹಾಕಿ" ಎಂದಳು. ಹಾಕಿದೆ. "ನಾನು ಬತ್ತೀನಿ ಇರು" ಎಂದು ಪೆಟ್ಟಿಗೆ ಹೇಳಿದಾಗ ಸಾಕಮ್ಮ ಮೆಲ್ಲಗೆ, "ಊಂ ಕಣವ್ವ" ಎಂದಳು. ಅವಳು ಹಸುಗೂಸಾಗಿದ್ದಾಗಲೇ ತಾಯಿ ಹೋಗಿ, ಸೋದರತ್ತೆಯ ಮಡಿಲಲ್ಲಿ ಬೆಳೆದವಳು. ತಾಯಿಯ ಮುಖವಾಗಲಿ ದನಿಯಾಗಲಿ ಅವಳಿಗೆ ನೆನಪಿಲ್ಲ. ಅದು ನನಗೆ ಗೊತ್ತಿದ್ದ ಸಂಗತಿಯೇ, ಆದರೆ ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದು ಪೆಟ್ಟಿಗೆಯ ಹಿತ್ತಾಳೆ ಬಿಜಾಗರಿಗೆ ಯಾವ ಪುಡಿ ಹಾಕಿ ಉಜ್ಜಿದರೆ ಹೊಳಪು ಬರುತ್ತದೆ ಎಂಬುದು.

ಅದಾದ ಮೇಲೆ ಮನೆಯಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳಾದವು. ನಮ್ಮ ಬೀದಿಯಲ್ಲಿ ಮಧ್ಯಾಹ್ನ ಎಲ್ಲರೂ ಬಿಸಿಲಿಗೆ, ಧೂಳಿಗೆ ಬಾಗಿಲು ಮುಚ್ಚುತ್ತಾರೆ. ನಮ್ಮ ಮನೆಯ ಬಾಗಿಲು ಮಾತ್ರ ತೆರೆದಿರುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಸೆಕೆ ಎಂದುಕೊಂಡೆ. ಮೂಲೆಯಲ್ಲಿದ್ದ ಪೆಟ್ಟಿಗೆ ಬಾಗಿಲ ಬಳಿಗೆ ಬಂತು. ಗುಡಿಸುವುದಕ್ಕೆ ಸರಿಸಿದಳು ಎಂದುಕೊಂಡೆ. ಎಲ್ಲದಕ್ಕೂ ಒಂದೊಂದು ಕಾರಣ ಹುಡುಕಿಕೊಳ್ಳುವುದರಲ್ಲಿ ಗುಮಾಸ್ತರನ್ನು ಮೀರಿಸುವವರಿಲ್ಲ. ಒಂದು ದಿನ ಕಬ್ಬು ಅರೆಯುವ ಯಂತ್ರ ಕೆಟ್ಟು ಗಾಡಿಗಳೆಲ್ಲ ನಿಂತುಹೋದ್ದರಿಂದ ನಡು ಮಧ್ಯಾಹ್ನವೇ ಮನೆಗೆ ಬಂದೆ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಸಾಕಮ್ಮ ಹೊಸ್ತಿಲ ಮೇಲೆ ಕೂತು ಬೀದಿಯ ತುದಿಯನ್ನೇ ನೋಡುತ್ತಿದ್ದಳು. ನಾನು ಎದುರಿಗೇ ಬಂದು ನಿಂತರೂ ನನ್ನನ್ನು ನೋಡಲಿಲ್ಲ, ನನ್ನ ಹೆಗಲ ಮೇಲಿಂದ ಆಚೆ ನೋಡುತ್ತಿದ್ದಳು. ಒಳಗೆ ಪೆಟ್ಟಿಗೆಯ ತಟ್ಟೆ ನಿಧಾನವಾಗಿ ತಿರುಗುತ್ತಿತ್ತು. ಮುಳ್ಳಿನ ತೋಳು ಪ್ಲೇಟಿನ ಮೇಲೆ ಇರಲಿಲ್ಲ, ಪಕ್ಕದಲ್ಲಿ ಎತ್ತಿಟ್ಟಿತ್ತು. ಆಗ, "ಇರು" ಎಂದದ್ದು ಕೇಳಿಸಿತು. ಹೇಳಿದ್ದು ಸಾಕಮ್ಮನೇ ಇರಬೇಕು. ಅವಳ ಬಾಯಿ ಮುಚ್ಚಿತ್ತು ಎಂದು ನನಗೆ ಕಂಡದ್ದು ಬಿಸಿಲಿನ ಝಳಕ್ಕೆ ಇರಬಹುದು.

"ಏನ್ ಮಾಡ್ತಾ ಇದ್ದೀಯೆ ಇಲ್ಲಿ?" ಎಂದು ಕೇಳಿದೆ.

"ಆಯಮ್ಮ ಬತ್ತೀನಿ ಅಂದವಳಲ್ವಾ" ಎಂದಳು, ತರಕಾರಿಯವಳ ವಿಚಾರ ಹೇಳುವಷ್ಟೇ ಸಲೀಸಾಗಿ. ಊಟವಾಯಿತೇ ಎಂದರೆ, "ಬರ್ಲಿ ಬುಡಿ, ಆಮ್ಯಾಕ್ ಉಂಡ್ರಾಯ್ತು" ಎಂದಳು. ಒಲೆಯ ಮೇಲೆ ಮುದ್ದೆಯ ಮಡಕೆ ತಣ್ಣಗಾಗಿತ್ತು.

ಅಲ್ಲಿಗೆ ನನ್ನ ಕಾರಣಗಳ ಚೀಲ ಬರಿದಾಯಿತು. ಪೆಟ್ಟಿಗೆಯನ್ನು ಬೆಳಕವಾಡಿಗೆ ಹಿಂದಕ್ಕೆ ಕೊಟ್ಟುಬಿಡೋಣ ಎಂದು ನಿಶ್ಚಯಿಸಿದೆ. ಅಷ್ಟರಲ್ಲಿ ಮಂಡ್ಯದ ಸಂತೆಯ ದಿನ ಗೌಡರೇ ಸಿಕ್ಕರು. ಎತ್ತಿನ ಹಲ್ಲು ನೋಡುತ್ತ ನಿಂತಿದ್ದವರ ಪಕ್ಕಕ್ಕೆ ಹೋಗಿ, "ಗೌಡ್ರೇ, ಮಖಮಲ್ಲಿನ ಅಡೀಲಿ ಒಂದು ಪ್ಲೇಟು ಸಿಕ್ತು" ಎಂದೆ. ಅವರ ಕೈ ಎತ್ತಿನ ಬಾಯಲ್ಲೇ ನಿಂತಿತು. ಆಮೇಲೆ ನನ್ನನ್ನು ಹುಣಸೆ ಮರದಡಿಗೆ ಕರೆದುಕೊಂಡು ಹೋಗಿ, ಮೊದಲು ಕೇಳಿದ್ದು ಇದನ್ನು:

"ನಿಮ್ಮನೇಲೂ ಯಾರಾರ ಬಾಗ್ಲಲ್ಲಿ ಕೂತವ್ರಾ ಗುಮಾಸ್ತ್ರೇ?"

ಹೌದೆಂದೆ. ಗೌಡರು ಬೇರಿನ ಮೇಲೆ ಕೂತು ಹೇಳಿದರು. ದನಿ ಅವರ ಮೊದಲನೆಯ ಹೆಂಡತಿಯದು. ಮಗಳು ಚೆನ್ನಾಜಿಯನ್ನು ಅಜ್ಜಿಯ ಹತ್ತಿರ ಬಿಟ್ಟು ಗಂಡ ಹೆಂಡತಿ ಮೈಸೂರಿಗೆ ವಸ್ತುಪ್ರದರ್ಶನ ನೋಡಲು ಹೋಗಿದ್ದರಂತೆ. ಮಳಿಗೆಯವನು, ಮನೆಯಲ್ಲಿರುವ ಮಗುವಿಗೆ ಏನಾದರೂ ಹೇಳಿ ಎಂದನಂತೆ. ಅವಳು ಹೇಳಿದ್ದು ಅದು. "ಮುಂದ್ಲ ವರ್ಸದ ಮಳೆಗಾಲದಲ್ಲೇ ಜ್ವರ ಬಂದು ತೀರೋದ್ಲು. ಮಗು ದಿನಾ ಪ್ಲೇಟು ಹಾಕ್ಸ್ಕೊಂಡು ಬಾಗ್ಲಲ್ಲಿ ಕೂತ್ಕಳೋದು. ಅವ್ವ ಬತ್ತೀನಿ ಅಂದವಳೆ, ಬಾಗ್ಲಾಕ್ಬ್ಯಾಡ ಅಂದವಳೆ ಅನ್ನೋದು. ಕೂಳು ಬುಡ್ತು. ಬಡಕ್ಲಾಗೋಯ್ತು. ನಾನೇನ್ಮಾಡ್ಲಿ? ಪ್ಲೇಟು ಮುರ್ದು ಬಾವಿಗಾಕಾನ ಅಂತ ಎತ್ಕಂಡೋದೆ, ಕೈ ಬರ್ನಿಲ್ಲ. ಬಟ್ಟೆ ಅಡೀಲಿ ಅಂಟ್ಸಿ, ಕಳೆದೋಯ್ತು ಅಂದ್ಬುಟ್ಟೆ." ಬೇರಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಮತ್ತೆ ಹೇಳಿದರು. "ಆಮ್ಯಾಕೆ ಎರಡ್ನೇದಾಗಿ ಮಾಡ್ಕಂಡೋಳು ಹಾಡಿನ ಪ್ಲೇಟು ಹಾಕ್ಕೊಂಡು ಕೇಳೋಳು. ಎಲ್ಲಾ ಹಾಡೂ ಬಟ್ಟೆ ಅಡೀಲಿದ್ದ ಅವಳ ಮ್ಯಾಲೇ ತಿರುಗ್ತಿದ್ವು. ಇವಳಿಗೆ ನಾನು ಏನೂ ಯೋಳಿರ್ನಿಲ್ಲ. ಆದ್ರೂ ಇವಳು, ಹಾಡಿನ ಹಿಂದ್ಗಡೆ ಯಾರೋ ಉಸಿರಾಡ್ತಾವ್ರೆ ಅನ್ನೋಳು."

ಚೆನ್ನಾಜಿ ಈಗೆಲ್ಲಿ ಎಂದು ಕೇಳಿದೆ. ಮಳವಳ್ಳಿಗೆ ಕೊಟ್ಟಿದೆ, ಬಸುರಿ ಎಂದರು. "ಅವಳ ಕಿವಿಗೆ ಮಾತ್ರ ಬೀಳಿಸ್ಬ್ಯಾಡಿ. ಎದ್ದು ನಿಂತವಳೆ, ಮತ್ತೆ ಬಾಗ್ಲಲ್ಲಿ ಕೂರಂಗೆ ಮಾಡ್ಬ್ಯಾಡಿ." ಹೇಳಿ ಮುಗಿಸಿ, ಎತ್ತನ್ನು ಕೊಳ್ಳದೆಯೇ ಸಂತೆಯಿಂದ ಹೊರಟುಹೋದರು.

ಮನೆಗೆ ಬಂದು ಸಾಕಮ್ಮನಿಗೆ ಎಲ್ಲವನ್ನೂ ಹೇಳಿದೆ. ಹೇಳಿದರೆ ಅವಳ ಹುಚ್ಚು ಬಿಡಬಹುದು ಎಂಬುದು ನನ್ನ ಲೆಕ್ಕಾಚಾರ. ಅವಳು ಅಳಲಿಲ್ಲ. ಹೊಸ್ತಿಲ ಮೇಲೆ ಕೂತು ಬಹಳ ಹೊತ್ತು ಯೋಚಿಸಿದಳು. "ಆ ಮಗೀಗೇ ಕೊಟ್ಬುಟ್ಟು ಬನ್ನಿ" ಎಂದಳು. ಗೌಡರು ಬೇಡ ಅಂದರಲ್ಲ ಎಂದೆ. "ಅವ್ರು ಬ್ಯಾಡ ಅಂದ್ರೆ? ಕರೀತಿರೋದು ಅವರ್ನಲ್ಲವಲ್ಲ. ಆ ಮಗು ಎದ್ದು ನಿಂತೈತೋ, ಒಳ್ಗೊಳ್ಗೇ ಬಾಗ್ಲಲ್ಲೇ ಕೂತೈತೋ, ಯಾರು ನೋಡವ್ರೆ? ಬ್ಯಾರೆಯೋರವ್ವನ್ನ ನಾನು ಎಷ್ಟು ದಿನ ಇಟ್ಕಳ್ಳಿ?" ಎಂದಳು. ಪೆಟ್ಟಿಗೆಗಳನ್ನು ಕೊಂಡು ಮಾರುವವನಿಗೆ, ಒಳಗಿರುವುದು ಯಾರದು ಎಂಬ ಪ್ರಶ್ನೆ ಅದುವರೆಗೆ ಬಂದಿರಲಿಲ್ಲ.

ಕೊಡುವ ಮುಂಚೆ ಒಮ್ಮೆ ಕೇಳಿ ನೋಡೋಣ ಎಂದು ಪ್ಲೇಟು ಹಾಕಿದೆ. ಅಕ್ಕಿ ಕೇರುವ ಸದ್ದು ಬಂತು. ಕಾದೆ. ಅಕ್ಕಿ ಕೇರುವ ಸದ್ದೇ ಮುಂದುವರಿದು, ಅದರಲ್ಲೇ ಮುಗಿಯಿತು. ಮುಳ್ಳು ಬದಲಿಸಿ ಮತ್ತೆ ಹಾಕಿದೆ. ಏನೂ ಇಲ್ಲ. ಡಬ್ಬಿ ತೆಗೆದು ನೋಡಿದರೆ ಅರ್ಧಕ್ಕರ್ಧ ಖಾಲಿ. ಸಾಹೇಬರು ಪ್ರೀತಿಯಿಂದ ಕೊಟ್ಟ ಉಕ್ಕಿನ ಮುಳ್ಳುಗಳಿಂದ ಸಾಕಮ್ಮ ದಿನವೂ ಅದನ್ನೇ ಹಾಕಿ ಹಾಕಿ, ಆ ಮೆತ್ತನೆಯ ಲೋಹದ ಗೆರೆಗಳೆಲ್ಲ ಸವೆದುಹೋಗಿದ್ದವು. "ದನಿಯೇ ಹೋಗಿಬಿಟ್ಟಿದೆಯಲ್ಲೇ" ಎಂದೆ. ಸಾಕಮ್ಮ ನನ್ನನ್ನು ವಿಚಿತ್ರವಾಗಿ ನೋಡಿ, "ಯಾಕೆ, ಸರ್ಯಾಗೇ ಕೇಳಿಸ್ತಲ್ಲ. ಇವತ್ತು ನಗ್ತಾನೂ ಅವಳೆ" ಎಂದಳು.

ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಹೋಯಿತು. ರಾಗ ತಿಳಿಯದ ಕಿವಿ, ಮಾತೂ ತಿಳಿಯದಾಯಿತೋ ಏನೋ. ಮುಂದಿನ ಭಾನುವಾರ ಬೆಳಗಿನ ರೈಲಿಗೆ ಪೆಟ್ಟಿಗೆ ಹೊತ್ತು ಮದ್ದೂರಿಗೆ ಹೋಗಿ ಸಾಹೇಬರಿಗೆ ಕೇಳಿಸಿದೆ. ಅವರು ಪೆಟ್ಟಿಗೆಯೊಳಕ್ಕೇ ತಲೆ ಹಾಕಿ ಕೇಳಿದರು. "ಬಿಲ್ಕುಲ್ ಖಾಲಿ. ಮೊರ ಅಷ್ಟೆ, ಅಕ್ಕಿಯೂ ಇಲ್ಲ" ಎಂದರು. ಹಾಗಾದರೆ ನನ್ನ ಕಿವಿ ಸರಿಯಾಗಿದೆ ಎಂದು ಒಂದು ಕ್ಷಣ ಸಮಾಧಾನವಾಯಿತು. ಆ ಮೇಲೆ, ಸಾಕಮ್ಮ ಕೇಳುತ್ತಿದ್ದದ್ದು ಏನನ್ನು ಎಂಬ ಪ್ರಶ್ನೆ ಬಂದು ಸಮಾಧಾನ ಹೋಯಿತು. ಸಾಹೇಬರು ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಜೋಡಿಸಿ ಬೀಗ ಹಾಕಿದರು. "ನಾನೂ ಬತ್ತೀನಿ. ನಿಮ್ಮೊಬ್ರನ್ನ ಇದ್ರ ಜೊತೆ ಕಳಿಸೋಕೆ ಮನ್ಸಿಲ್ಲ" ಎಂದರು. ನನಗೆ ಧೈರ್ಯ ಕೊಡಲು ಬರುತ್ತಾರೋ, ಅಂಗಡಿಯಲ್ಲಿ ಒಬ್ಬರೇ ಇರಲಾರದೆ ಬರುತ್ತಾರೋ, ನಾನು ಕೇಳಲಿಲ್ಲ.

ಆಗಿನ ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಮಾತಿಗೆ. ಏರು ಬಂದಾಗ ನಾವೆಲ್ಲ ಇಳಿದು ತಳ್ಳುತ್ತಿದ್ದೆವು. ಪೆಟ್ಟಿಗೆಯನ್ನು ಮಾತ್ರ ಸೀಟಿನ ಮೇಲೆ ಬಿಟ್ಟು ಎಲ್ಲರೂ ಇಳಿದಾಗ, ಖಾಲಿ ಬಸ್ಸಿನಲ್ಲಿ ಅದೊಂದೇ ಕೂತು ನಾವು ತಳ್ಳುವುದನ್ನು ಸವಾರಿ ಮಾಡುತ್ತಿರುವಂತೆ ಕಾಣುತ್ತಿತ್ತು. ಕಂಡಕ್ಟರು ಅದನ್ನು ಎರಡು ಸಲ ನೋಡಿ, "ಒಳ್ಗೆ ಯಾರೋ ಎಂಗಸ್ರು ಉಳ್ಕಂಡವ್ರೆ, ಇರ್ಲಿ ಬುಡಿ, ಅವರೇನು ಭಾರ" ಎಂದ. ಸಾಹೇಬರೂ ನಾನೂ ಮುಖ ಮುಖ ನೋಡಿಕೊಂಡು ಇನ್ನಷ್ಟು ಜೋರಾಗಿ ತಳ್ಳಿದೆವು. ಬೆಳಗಿನಿಂದ ಇಬ್ಬರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಬಸ್ಸು ಹತ್ತುವಾಗ ಹೋಟೆಲು ಎದುರಿಗಿದ್ದರೂ ತಿನ್ನಬೇಕೆಂದು ಇಬ್ಬರಿಗೂ ತೋಚಿರಲಿಲ್ಲ. ನನ್ನ ಜೀವಮಾನದಲ್ಲಿ ಅದು ಅಪರೂಪದ ಸಂಗತಿ.

ಮಳವಳ್ಳಿ ತಲುಪಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಬೆಳಕವಾಡಿ ಗೌಡರ ಮಗಳು ಎಂದು ವಿಚಾರಿಸಿದರೆ ಕೆರೆಯ ಕಡೆಯ ಬೀದಿಯಲ್ಲಿ ಚೆನ್ನಾಜಮ್ಮನ ಮನೆ ತೋರಿಸಿದರು. ಗಂಡ ಹೊಲಕ್ಕೆ ಹೋಗಿದ್ದ, ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ನಾವು ಬೆಳಕವಾಡಿಯ ಕಡೆಯಿಂದ ಎಂದಾಗ ಅತ್ತೆ ಸೊಸೆಯನ್ನು ಕರೆದಳು. ಹೊರಬಂದವಳು ಎತ್ತರದ ಬಸುರಿ ಹೆಣ್ಣುಮಗಳು. ಪೆಟ್ಟಿಗೆಯನ್ನು ಕಂಡೊಡನೆ ಕಂಬ ಹಿಡಿದುಕೊಂಡಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಕಲಸಿಹೋಗಿ, "ಪ್ಲೇಟು ಸಿಕ್ಕಿತು ಕಣಮ್ಮ. ಆದರೆ ಸವೆದುಹೋಗಿದೆ, ಅದರಲ್ಲಿ ಈಗ ಏನೂ ಇಲ್ಲ" ಎಂದೆ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಹಾಕಿ" ಎಂದು ಹೇಳಿ, ಹೋಗಿ ಹೊಸ್ತಿಲ ಮೇಲೆ ಕೂತಳು. ಬೇರೆಲ್ಲಿಯೂ ಅಲ್ಲ, ಹೊಸ್ತಿಲ ಮೇಲೆ. ಗೌಡರ ಮಾತು ನೆನಪಾಗಿ, ಪೆಟ್ಟಿಗೆ ಎತ್ತಿಕೊಂಡು ಓಡಿಬಿಡಲೇ ಎನಿಸಿತು. ಅಷ್ಟರಲ್ಲಿ ಸಾಹೇಬರು ಜಾಲಿಮುಳ್ಳು ಸಿಕ್ಕಿಸಿ, ಕೀ ಕೊಟ್ಟಿದ್ದರು.

ಅಕ್ಕಿ ಕೇರುವ ಸದ್ದು. ಬೀದಿ ಬಿಕೋ ಎನ್ನುತ್ತಿತ್ತು. ಚೆನ್ನಾಜಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅವಳ ತುಟಿ ಅಲ್ಲಾಡತೊಡಗಿತು. "ಏನಂತ ಮಾತಾಡ್ಲಿ ಇದ್ರ ಮುಂದೆ, ನಗ್ಬ್ಯಾಡಿ ಅಂದ್ರೆ" ಎಂದು ಪಿಸುಗುಟ್ಟಿದಳು. ಒಂದು ಉಸಿರು ತೆಗೆದುಕೊಂಡಳು, ಮೊದಲ ದಿನ ನಾನು ಕೇಳಿದ್ದ ಅದೇ ಜಾಗದಲ್ಲಿ. ಬಿಸಿಲಲ್ಲಿ ನಿಲ್ಲಬೇಡ ಎಂಬುದು, ಬಾಗಿಲು ಹಾಕಬೇಡ ಎಂಬುದು, ಬತ್ತೀನಿ ಇರು ಎಂಬುದು, ಒಂದೂ ತಪ್ಪದೆ ಎಲ್ಲ ಬಂತು. ಚಿಕ್ಕಂದಿನಲ್ಲಿ ಕೇಳಿ ಬಾಯಿಪಾಠವಾಗಿರುತ್ತದೆ, ಇದರಲ್ಲಿ ಏನೂ ವಿಶೇಷವಿಲ್ಲ ಎಂದು ಸಾಹೇಬರ ಕಡೆ ನೋಡಿ ತಲೆಯಾಡಿಸಿದೆ. ಸಾಹೇಬರೂ ತಲೆಯಾಡಿಸಿದರು. ಪ್ಲೇಟಿನಲ್ಲಿದ್ದ ಮಾತು ಅಲ್ಲಿಗೆ ಮುಗಿಯಬೇಕು. ಮುಳ್ಳು ಕೊನೆಯ ಗೆರೆಗೆ ಬಂದು ಸುತ್ತಿದಲ್ಲೇ ಸುತ್ತುತ್ತ ಚಿರ್ ಚಿರ್ ಎನ್ನುತ್ತಿತ್ತು. ಆದರೆ ಚೆನ್ನಾಜಮ್ಮ ಕಣ್ಣು ತೆರೆಯಲಿಲ್ಲ. ತಲೆ ಸ್ವಲ್ಪ ವಾಲಿಸಿ ಕೇಳುತ್ತಲೇ ಇದ್ದಳು. ನಡುವೆ, "ಊಂ" ಎಂದಳು. ಮತ್ತೆ, "ಏಳನೇ ತಿಂಗ್ಳು ಕಣವ್ವ" ಎಂದಳು. ಅತ್ತೆಯ ಕೈಯಿಂದ ಹುಣಸೆಹಣ್ಣು ಜಾರಿ ಬಿತ್ತು. ಸ್ಪ್ರಿಂಗು ಬಿಚ್ಚಿಕೊಂಡು ತಟ್ಟೆ ನಿಂತ ಮೇಲೆಯೂ ಆ ಹೆಣ್ಣುಮಗಳು ಇನ್ನೊಂದಿಷ್ಟು ಹೊತ್ತು ಕೇಳಿದಳು. ಆಮೇಲೆ, "ಆಯ್ತು, ಓಗ್ಬುಟ್ಟು ಬಾ" ಎಂದಳು, ಊರಿಗೆ ಹೊರಟವರನ್ನು ಕಳಿಸಿಕೊಡುವ ಹಾಗೆ.

ಗೌಡರು ಹೆದರಿದಂತೆ ಅವಳು ಅಲ್ಲೇ ಕೂತುಬಿಡಲಿಲ್ಲ. ಕೈಯೂರಿ ಮೇಲೆದ್ದಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಹೊಸ್ತಿಲು ದಾಟಿ ಒಳಗೆ ಹೋಗಿ ಒಲೆ ಊದಿದಳು. ನಮ್ಮ ಮನೆಯ ಬಾಗಿಲೂ ಆ ದಿನದಿಂದ ಮಧ್ಯಾಹ್ನ ಮುಚ್ಚಿರತೊಡಗಿತು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ಮಳವಳ್ಳಿಯಿಂದ ಹಿಂದಿರುಗಿ ಏನನ್ನೂ ಹೇಳುವ ಮುಂಚೆಯೇ ಸಾಕಮ್ಮ, "ಹೋದ್ಲಲ್ವಾ?" ಎಂದು ಕೇಳಿದಳು. ಪೆಟ್ಟಿಗೆಯನ್ನೂ ಪ್ಲೇಟನ್ನೂ ಮಳವಳ್ಳಿಯಲ್ಲೇ ಬಿಟ್ಟು ಬಂದಿದ್ದೆ. ಮರಕ್ಕೆ ಎಣ್ಣೆ ಹಚ್ಚಿ ಉಜ್ಜುವುದು ಮಾತ್ರ ಬಾಕಿ ಉಳಿಯಿತು.

ಆದರೆ ಆ ಮಧ್ಯಾಹ್ನ ನಾವಿಬ್ಬರೂ ಹೊರಡಲು ಎದ್ದಾಗ ಚೆನ್ನಾಜಮ್ಮ ಒಳಗಿನಿಂದಲೇ ತಡೆದಳು. "ಕೂತ್ಕಳಿ, ಎಸ್ರಿಟ್ಟಿವ್ನಿ. ಪೆಟ್ಗೆ ತಂದೋರು ಬೆಳಿಗ್ಗಿಂದ ಏನೂ ತಿಂದಿಲ್ಲ, ಉಣ್ಣಕ್ಕಿಕ್ಕು ಅಂದ್ಲು ಅವ್ವ." ತಿಂದಿಲ್ಲವೆಂದು ನಾವು ಯಾರಿಗೂ ಹೇಳಿರಲಿಲ್ಲ. ಸಾಹೇಬರು ಮೆಲ್ಲಗೆ ಕೈಕಾಲು ತೊಳೆದುಕೊಂಡು ಬಂದು ಕೂತರು, ನಾನೂ ಕೂತೆ. ಬಿಸಿ ಮುದ್ದೆ, ಅವರೆಕಾಳಿನ ಸಾರು. ಒಂದು ಮುದ್ದೆ ತಿಂದೆ. ತಲೆ ಎತ್ತುವುದರೊಳಗೆ ಎಲೆಯ ಮೇಲೆ ಇನ್ನೊಂದು ಮುದ್ದೆ ಬಿದ್ದಿತ್ತು. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಬಡಿಸಿದವಳಿಗೋ, ಬಡಿಸು ಎಂದವಳಿಗೋ, ಯಾರಿಗೆ ಬೇಡ ಎನ್ನುವುದೆಂದು ತಿಳಿಯದೆ, ಸುಮ್ಮನೆ ತಲೆ ತಗ್ಗಿಸಿ ಅದನ್ನೂ ತಿಂದೆ.